ಕಂಬಾರನ ಮಗನ ಇತಿಹಾಸ

ಹೋದ ಸಲ ಗುರೆಳ್ಳ ಚಟ್ನಿ ಬಗ್ಗೆ ಬರದಾಗ ನಮ್ಮ ದೊಡ್ಡ ವೈನಿ ಫೋನ್ ಮಾಡಿ, "ಬರೇ ಚಟ್ನಿ, ಪುಡಿ, ಉಪ್ಪಿನಕಾಯಿ ಆತು. ನೀ ಪಿಯುಸಿ ಒಳಗ ಹಿಸ್ಟರಿ ತಗೊಂಡಿದ್ದಾಕಿ, ಒಂದರ ಇತಿಹಾಸದ್ದು ಬರಿಯಲ್ಲ" ಅಂದ್ರು. ಹೂಂ ಅಂದೆ. ಆದ್ರ ಈ ಸಲ ಇತಿಹಾಸ ನನಗ ಸಿಕ್ಕಿದ್ದು ಪುಸ್ತಕದಾಗ ಅಲ್ಲ, ನನ್ನ ಮಗನ ಖೋಲ್ಯಾಗ, ಅಂವ ಆಡೂ ವಿಡಿಯೋ ಗೇಮಿನೊಳಗ. ನಗಬ್ಯಾಡ್ರಿ ವೈನಿ, ಪೂರಾ ಓದ್ರಿ.

ಮಗ ಪುಣೆದಾಗ ಕೆಲಸಕ್ಕಿದ್ದಾನ, ನಿಮಗೆಲ್ಲಾ ಗೊತ್ತದ. ದೀಪಾವಳಿಗೆ ಬಂದಾಂವ ಮನಿಯಿಂದನ ಕೆಲಸ ಮಾಡ್ತೀನಿ ಅಂತ ಒಂದು ತಿಂಗಳು ಇಲ್ಲೇ ಉಳದ. ಹಗಲೆಲ್ಲಾ ಆಫೀಸಿನ ಕೆಲಸ, ರಾತ್ರಿ ಊಟ ಆದ ಮ್ಯಾಲೆ ಬಾಗಲಾ ಮುಂದ ಮಾಡ್ಕೊಂಡು ಗೇಮು. "ಇಪ್ಪತ್ತೊಂಬತ್ತು ವರ್ಷ ಆತು, ಇನ್ನೂ ಆಟ ಆಡ್ತಿ ಏನೋ" ಅಂತ ನಾ ಬೈಯೂದು, ಅಂವ ನಗೂದು. ಒಂದಿನ ಪಡಸಾಲ್ಯಾಗ ಅತ್ತಿಯವರು ಮಲಗಿದ್ರು. ಲೈಟ್ ಹಚ್ಚೂದು ಬ್ಯಾಡ ಅಂತ ಮೆಂತ್ಯಾಪಲ್ಲೆ ಬುಟ್ಟಿ ತಗೊಂಡು ಅವನ ಖೋಲ್ಯಾಗ ಸೋಸ್ಕೋತ ಕೂತೆ. ನೋಡಿದ್ರ ಪರದೆ ಮ್ಯಾಲೆ ಒಬ್ಬ ಹುಡುಗ ನೀರಿನ ದೋಣಿಗೆ ಬಗ್ಗಿ ಮಾರಿ ತೊಳಕೊಳ್ಳಲಿಕ್ಕತ್ತಾನ.

"ಏನೋ ಇದು, ಕತ್ತಿ ಯುದ್ಧದ ಆಟ ಅಂದಿದ್ದಿ?"

"ಹೌದವ್ವಾ. ಆದ್ರ ಮಾರಿ ತೊಳಕೊಳ್ಳದ ಹೋದ್ರ ಕಿಲ್ಲೇದಾಗ ಯಾರೂ ಇವನ ಜೋಡಿ ನೆಟ್ಟಗ ಮಾತಾಡಂಗಿಲ್ಲ. ಅಂಗಿ ಹೊಲಸಾಗಿದ್ರ ಮೂಗು ಮುರೀತಾರ. ಒಗಸಬೇಕು."

ನನಗ ಭಾಳ ನಗಿ ಬಂತು. ಇಲ್ಲೆ ತನ್ನ ಅಂಗಿ ಬಕೆಟ್ಟಿನ್ಯಾಗ ಒಗದು ಹೋಗಾಂವ, ಅಲ್ಲೆ ಅಷ್ಟು ಕಾಳಜಿಲೆ ಅಂಗಿ ಒಗಸ್ತಾನ! ಅವತ್ತಿನಿಂದ ದಿನಾ ರಾತ್ರಿ ಏನರ ಕೈಗೆಲಸ ಹಿಡಕೊಂಡು ಅವನ ಬಾಜೂಕ ಕೂಡೂ ರೂಢಿ ಆತು.

ಆ ಗೇಮಿನ ಹೆಸರು 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್'. ಮಾಡಿದಾವ್ರು ಝೆಕ್ ದೇಶದ ರಾಜಧಾನಿ ಪ್ರಾಗ್‌ನ ವಾರ್‌ಹಾರ್ಸ್ ಅನ್ನೂ ಕಂಪನಿಯವರು. ಕಥಿ ನಡಿಯೂದು ಅವರದ ದೇಶದಾಗ, 1403ನೇ ಇಸವಿಯೊಳಗ. ಆವಾಗ ಆ ಸೀಮಿಗೆ ಬೊಹೀಮಿಯಾ ಅಂತಿದ್ರು. ನಮ್ಮ ಕಡೆ ಲೆಕ್ಕ ಹಿಡೀಬೇಕಂದ್ರ ಹಂಪಿಯೊಳಗ ಎರಡನೇ ಹರಿಹರ ಆಳ್ತಿದ್ದ ಕಾಲ.

ಜಗಳದ ಮೂಲ ಏನಂದ್ರ ಆಸ್ತಿ. ನಾಲ್ಕನೇ ಚಾರ್ಲ್ಸ್ ಅಂತ ದೊಡ್ಡ ಚಕ್ರವರ್ತಿ ಇದ್ದ. 1348ರೊಳಗ ಪ್ರಾಗ್‌ದಾಗ ವಿಶ್ವವಿದ್ಯಾಲಯ ಕಟ್ಟಿಸಿದಾಂವ ಅವನ. 1378ರೊಳಗ ತೀರಿಕೊಂಡ. ಅವಗ ಬ್ಯಾರೆ ಬ್ಯಾರೆ ಹೆಂಡ್ತಿಯರ ಮಕ್ಕಳು ವೆನ್ಸೆಸ್ಲಾಸ್ ಮತ್ತ ಸಿಗಿಸ್ಮಂಡ್. ದೊಡ್ಡಾಂವ ವೆನ್ಸೆಸ್ಲಾಸ್‌ಗೆ ಬೊಹೀಮಿಯಾ ಬಂತು. ಸಣ್ಣಾಂವ ಸಿಗಿಸ್ಮಂಡ್ ಹಂಗೇರಿಯ ರಾಜ ಆದ. ಅಣ್ಣಗ ರಾಜ್ಯ ನಡಸೂದು ನೆಟ್ಟಗ ಆಗಲಿಲ್ಲ, ಸರದಾರರು ತಿರುಗಿ ಬಿದ್ರು. 1402ರೊಳಗ ತಮ್ಮ ಅಣ್ಣನ್ನ ಹಿಡದು ಸೆರಿಯೊಳಗ ಇಟ್ಟ, ಸೈನ್ಯ ತಗೊಂಡು ಅಣ್ಣನ ನಾಡಿನ ಮ್ಯಾಲೆ ಬಿದ್ದ. ಅಲ್ಲೆ ಬೆಳ್ಳಿ ಗಣಿ ಇದ್ದವು ನೋಡ್ರಿ. ಕುಟ್ನಾ ಹೋರಾ ಅನ್ನೂ ಊರಾಗ 1300ನೇ ಇಸವಿಯಿಂದ 'ಗ್ರೋಶ್' ಅಂತ ಬೆಳ್ಳಿ ನಾಣ್ಯ ಅಚ್ಚು ಹಾಕ್ತಿದ್ರು, ಯುರೋಪಿನ ಎಷ್ಟೋ ಕಡೆ ಅದು ನಡೀತಿತ್ತು. ಆ ಬೆಳ್ಳಿ ಯಾರ ಕೈಯಾಗ ಇರ್ತದೋ ಅವರಿಗೆ ಸೈನ್ಯ ಸಾಕೂ ತಾಕತ್ತು.

ಪಿಯುಸಿಯೊಳಗ ಆಗಿದ್ರ ನಾ ಇಷ್ಟು ಬರದು, "ಕಾರಣಗಳು, ಪರಿಣಾಮಗಳು" ಅಂತ ಎರಡು ಹೆಡ್ಡಿಂಗ್ ಹಾಕಿ, ಹತ್ತು ಮಾರ್ಕ್ಸ್ ತಗೊಂಡು ಮರತು ಬಿಡ್ತಿದ್ದೆ. ಆದ್ರ ಈ ಆಟದಾಗ ನೀವು ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ಸ್ಕಾಲಿಟ್ಸ್ ಅನ್ನೂ ಹಳ್ಳಿಯ ಕಂಬಾರನ ಮಗ, ಹೆಸರು ಹೆನ್ರಿ. ಮುಂಜಾನೆ ಎದ್ದ ಕೂಡ್ಲೇ ಅಪ್ಪ ಕೆಲಸ ಹೇಳ್ತಾನ: ಇದ್ದಲಿ ತಗೊಂಡು ಬಾ, ಬೀರ್ ತಗೊಂಡು ಬಾ, ಫಲಾನಾ ಮನುಷ್ಯಾ ರೊಕ್ಕ ಕೊಟ್ಟಿಲ್ಲ, ಹೋಗಿ ವಸೂಲ್ ಮಾಡ್ಕೊಂಡು ಬಾ. ಅದು ಮುಗಿಯೂದ್ರಾಗ ಗುಡ್ಡದ ಆಚೆ ಸಿಗಿಸ್ಮಂಡನ ಸೈನ್ಯ ಕಾಣಸ್ತದ. ಊರು ಸುಟ್ಟು ಹಾಕ್ತಾರ. ಹೆನ್ರಿ ಕಣ್ಣ ಮುಂದ ಅವ್ವ, ಅಪ್ಪ ಇಬ್ಬರೂ ಸಾಯ್ತಾರ. ಆ ಊರು ಇವತ್ತೂ ಅದ, ಸ್ಟ್ರಿಬ್ರ್ನಾ ಸ್ಕಾಲಿಟ್ಸೆ ಅಂತ ಕರೀತಾರ, ಅಂದ್ರ ಬೆಳ್ಳಿಯ ಸ್ಕಾಲಿಟ್ಸೆ. ಆಟದಾಗಿನ ಕಿಲ್ಲೆ, ಮಠ, ನದಿ ಬಹುಪಾಲು ಖರೇನ ಇದ್ದ ಜಾಗಾನ. ಆಟ ಆಡಿದಾವ್ರು ಈಗ ಆ ಊರುಗಳನ್ನ ನೋಡ್ಲಿಕ್ಕೆ ಹೋಗ್ತಾರಂತ.

ಇದರಾಗ ಮಾಯಾ ಮಂತ್ರ ಇಲ್ಲ, ರಾಕ್ಷಸ ಇಲ್ಲ, ಬೆಂಕಿ ಉಗುಳೂ ಡ್ರ್ಯಾಗನ್ ಇಲ್ಲ. ಹಸಿವು ಅದ. ಎರಡು ದಿನ ಚೀಲದಾಗ ಇಟ್ಟ ಮಾಂಸ ಹಳಸ್ತದ, ತಿಂದ್ರ ಹೊಟ್ಟಿ ಕೆಡ್ತದ. ನಿದ್ದಿ ಮಾಡದ ಹೋದ್ರ ಕಣ್ಣು ಮುಚ್ಚಿಕೋತ ಬರ್ತಾವ. ಕತ್ತಿ ಹಿಡದ ಕೂಡ್ಲೇ ಶೂರ ಆಗಂಗಿಲ್ಲ. ಮೊದಮೊದ್ಲು ನನ್ನ ಮಗ ಯಾರ ಜೋಡಿ ಹೊಡದಾಡಿದ್ರೂ ಬಡಿಸಿಕೊಂಡು ಬರ್ತಿದ್ದನಂತ, ಆಮ್ಯಾಲೆ ಗರಡಿಗೆ ಹೋದಂಗ ದಿನಾ ಹೋಗಿ ಕಲತನಂತ. ಆಟ ಬಂದ್ ಮಾಡದ, ಆಡ್ಕೋತ ಇದ್ದಾಗ ಬೇಕಂದಲ್ಲೆ ಉಳಿಸಿ ಇಡಬೇಕಂದ್ರ ಸೈತ ಸುಮ್ಮನ ಆಗಂಗಿಲ್ಲ. ಒಂದೋ ತನ್ನ ಹಾಸಿಗ್ಯಾಗ ಮಲಗಬೇಕು, ಇಲ್ಲಾಂದ್ರ ಒಂದು ಔಷಧಿ ಥರದ ಸೆರೆ ಕುಡೀಬೇಕು. ಆ ಸೆರೆ ಕೊಂಡ್ರ ರೊಕ್ಕ ಹೋಗ್ತದ, ಮಾಡಿದ್ರ ಗಿಡಮೂಲಿಕೆ ಹುಡುಕಬೇಕು, ಅರೀಬೇಕು, ಕುದಿಸಬೇಕು, ಮರಳಿನ ಗಡಿಯಾರ ನೋಡಿ ಸರೀ ಹೊತ್ತಿಗೆ ಇಳಸಬೇಕು. ನಾ ನೋಡ್ಕೋತ, "ಉರಿ ಜಾಸ್ತಿ ಆತೋ, ಕಮ್ಮಿ ಮಾಡು" ಅಂತ ಹೇಳಿಕೊಡ್ತಿದ್ದೆ!

ಎಲ್ಲಾಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಅಕ್ಷರದ ವಿಷಯ. ಹೆನ್ರಿಗೆ ಓದಲಿಕ್ಕೆ ಬರೂದಿಲ್ಲ. ಅವನ ಕೈಯಾಗ ಪುಸ್ತಕ ಕೊಟ್ರ ಪರದೆ ಮ್ಯಾಲೆ ಅಕ್ಷರ ಎಲ್ಲಾ ಹಿಂದಮುಂದ ಆಗಿ ಕಲಸಿಕೊಂಡು ಕಾಣಸ್ತಾವ. ಆಡಾಂವ ಎಷ್ಟು ಶಾಣ್ಯಾ ಇದ್ರೂ ಓದಲಿಕ್ಕೆ ಆಗಂಗಿಲ್ಲ. ಒಂದು ಹಳ್ಳಿಯೊಳಗ ಒಬ್ಬ ಬರಹಗಾರ ಇರ್ತಾನ, ಅವನ ಹತ್ರ ಹೋಗಿ ರೊಕ್ಕ ಕೊಟ್ಟು ಕಲೀಬೇಕು. ಆಮ್ಯಾಲೆ ಸ್ವಲ್ಪ ಸ್ವಲ್ಪನ ಶಬ್ದ ನೆಟ್ಟಗ ಆಕ್ಕೋತ ಬರ್ತಾವ. ನಮ್ಮ ಅತ್ತಿಯವರಿಗೆ ಓದಲಿಕ್ಕೆ ಬರಂಗಿಲ್ಲ. ಬಸ್ಸಿನ ಬೋರ್ಡ್ ನೋಡಿ "ಯಾವ ಊರಿಂದವಾ ಇದು" ಅಂತ ಕೇಳಿದಾಗ ನಾ ಎಷ್ಟೋ ಸಲ ಬ್ಯಾಸರಾಗಿ ಉತ್ತರಾ ಕೊಟ್ಟೀನಿ. ಅವರ ಕಣ್ಣಿಗೆ ಬೋರ್ಡ್ ಹ್ಯಾಂಗ ಕಾಣಸ್ತದ ಅನ್ನೂದು ನನಗ ತಿಳದಿದ್ದು ಆ ರಾತ್ರಿ.

ಈಗ ವ್ಯಾಪಾರದ ಮಾತು. ಇದರ ಮುಖ್ಯ ಮನುಷ್ಯಾ ಡೇನಿಯಲ್ ವಾವ್ರಾ. ಮೊದ್ಲ 2002ರೊಳಗ 'ಮಾಫಿಯಾ' ಅನ್ನೂ ಗೇಮ್ ಮಾಡಿ ಹೆಸರು ತಗೊಂಡಾಂವ. 2011ರೊಳಗ ಈ ಕಂಪನಿ ಶುರು ಆತು. ಅದ ವರ್ಷ 'ಸ್ಕೈರಿಮ್' ಅಂತ ಒಂದು ಗೇಮ್ ಬಂದು ಜಗತ್ತಿನ ತುಂಬ ಹುಚ್ಚು ಹಿಡಸಿತ್ತು, ಅದರ ತುಂಬ ಡ್ರ್ಯಾಗನ್ ಮತ್ತ ಮಂತ್ರ. ಹಿಂಗಿದ್ದಾಗ ಇವರು ಹೋಗಿ "ನಮ್ಮ ಆಟದಾಗ ಡ್ರ್ಯಾಗನ್ ಇಲ್ರಿ, ಕಂಬಾರನ ಮಗ ಅದಾನ" ಅಂದ್ರ ಯಾರು ರೊಕ್ಕ ಹಾಕ್ತಾರ? ದೊಡ್ಡ ದೊಡ್ಡ ಪ್ರಕಾಶಕರು ಒಲ್ಲೆ ಅಂದ್ರು. ಒಬ್ಬ ಶ್ರೀಮಂತ ಉದ್ದಿಮೆದಾರ ಮಾತ್ರ, ಇದನ್ನ ಆಡೂ ಮಂದಿ ಖರೇನ ಅದಾರ ಅಂತ ತೋರಸ್ರಿ, ಆಮ್ಯಾಲೆ ನೋಡೂಣು ಅಂದ.

ಆವಾಗ ಅವರು ಮಂದಿ ಕಡೆನ ಹೋದ್ರು. 2014ರ ಜನವರಿಯೊಳಗ ಕಿಕ್‌ಸ್ಟಾರ್ಟರ್ ಅನ್ನೂ ಇಂಟರ್ನೆಟ್ ಜಾಗಾದಾಗ ವಂತಿಗಿ ಕೇಳಿದ್ರು. ನಮ್ಮ ಓಣಿಯ ಭಿಶಿ ಇದ್ದಂಗ ಅನ್ರಿ, ಆದ್ರ ಭಿಶಿ ರೊಕ್ಕ ತಿರುಗಿ ಬರ್ತದ, ಇದು ಬರಂಗಿಲ್ಲ. ಗೇಮ್ ತಯಾರಾದ್ರ ಗೇಮ್ ಸಿಗ್ತದ, ಅಷ್ಟ. ಡ್ರ್ಯಾಗನ್ ಇಲ್ಲ ಅನ್ನೂದನ್ನ ಮುಚ್ಚಿಡಲಿಲ್ಲ, ಅದನ್ನ ಜಾಹೀರಾತು ಮಾಡಿದ್ರು. ಕೇಳಿದ್ದು 3 ಲಕ್ಷ ಪೌಂಡ್. ಒಂದು ತಿಂಗಳಾಗ 35 ಸಾವಿರಕ್ಕೂ ಹೆಚ್ಚು ಮಂದಿ ಸೇರಿ ಕೊಟ್ಟಿದ್ದು 11 ಲಕ್ಷ ಪೌಂಡಿಗೂ ಹೆಚ್ಚು. ಇಂಥಾದ್ದಕ್ಕ ಯಾರೂ ಗಿರಾಕಿ ಇಲ್ಲ ಅಂತ ದೊಡ್ಡ ಕಂಪನಿಯವರು ಹೇಳಿದ ಮಾತು ಅಲ್ಲೇ ಸುಳ್ಳಾತು.

ಮಾಡ್ಲಿಕ್ಕೆ ಭಾಳ ವರ್ಷ ಹಿಡೀತು. ಇತಿಹಾಸ ಓದಿದಾವ್ರನ್ನ ಕಂಪನಿಯೊಳಗನ ಕೆಲಸಕ್ಕ ಇಟ್ಕೊಂಡ್ರು. ಅಂಗಿ ಹೊಲಿಗಿ ಹ್ಯಾಂಗಿತ್ತು, ಕವಚದ ಒಳಗ ಏನು ಹಾಕೋತಿದ್ರು, ಗ್ವಾಡಿಗೆ ಏನು ಬಳೀತಿದ್ರು, ಎಲ್ಲಾದಕ್ಕೂ ಚರ್ಚಾ. 2018ರ ಫೆಬ್ರವರಿ 13ಕ್ಕ ಆಟ ಹೊರಗ ಬಂತು. ಬಂದಾಗ ತಪ್ಪು ಭಾಳ ಇದ್ದವು, ಆಡ್ಕೋತ ಇದ್ದಂಗನ ಆಟ ಬಂದ್ ಬೀಳ್ತಿತ್ತು, ಕುದರಿ ಬೇಲಿಯೊಳಗ ಸಿಗಬೀಳ್ತಿತ್ತು. ಹಂಗಿದ್ರೂ ಎರಡು ವಾರದಾಗ 10 ಲಕ್ಷ ಪ್ರತಿ ಖರ್ಚಾದವು. 2019ರೊಳಗ ಒಂದು ಸ್ವೀಡನ್ ಕಂಪನಿಯ ಬಳಗ ವಾರ್‌ಹಾರ್ಸ್ ಕಂಪನಿಯನ್ನ ಕೊಂಡುಕೊಂಡಿತು. 2024ರ ಹೊತ್ತಿಗೆ ಆಟದ 60 ಲಕ್ಷ ಪ್ರತಿ ದಾಟಿದ್ದವು. ಎರಡನೇ ಭಾಗ 2025ರ ಫೆಬ್ರವರಿ 4ಕ್ಕ ಬಂತು, ಅದರಾಗ ಕುಟ್ನಾ ಹೋರಾ ಊರು ಪೂರಾ ಅದ. ಅದು ಒಂದ ದಿನದಾಗ 10 ಲಕ್ಷ, ಎರಡು ವಾರದಾಗ 20 ಲಕ್ಷ. ಈ ಎರಡನೇದ್ರಾಗ ಹೆನ್ರಿ ತಾನ ಕುಲುಮಿ ಮುಂದ ನಿಂತು ಕಬ್ಬಿಣ ಕಾಸಿ ಕತ್ತಿ ಬಡೀಬೇಕು, ಕಾಯ್ದ ಬಣ್ಣ ನೋಡಿ ಬಡೀಬೇಕು, ಆರಿದ ಮ್ಯಾಲೆ ಬಡದ್ರ ಉಪಯೋಗಿಲ್ಲ.

ದಿನಾ ಆಫೀಸಿನ್ಯಾಗ ದುಡದು ದಣಿದು ಬಂದ ಮಂದಿ ರೊಕ್ಕ ಕೊಟ್ಟು ಮತ್ತ ದುಡೀತಾರ, ಇದೆಂಥಾ ಹುಚ್ಚು ಅಂತ ನಾ ಮಗಗ ಕೇಳಿದೆ. ಅಂವ ಸ್ವಲ್ಪ ಹೊತ್ತು ವಿಚಾರ ಮಾಡಿ, "ಆಫೀಸಿನ್ಯಾಗ ನಾ ಮಾಡಿದ್ದು ಎಲ್ಲಿ ಹೋಗ್ತದ, ಯಾರಿಗೆ ಮುಟ್ಟತದ ಗೊತ್ತಾಗಂಗಿಲ್ಲವ್ವಾ. ಇಲ್ಲೆ ಬಡದ್ರ ಕತ್ತಿ ಆಗ್ತದ" ಅಂದ. ಅದರಾಗ ಭಾಳ ಅದ ಅನಸ್ತು. 'ಅಸ್ಸಾಸಿನ್ಸ್ ಕ್ರೀಡ್' ಅಂತ ಇನ್ನೊಂದು ಗೇಮ್ ಅದ, 2007ರಿಂದ ಒಂದರ ಮ್ಯಾಲೊಂದು ಬರ್ಲಿಕ್ಕತ್ತಾವ. ಅದರಾಗೂ ಇತಿಹಾಸ ಅದ, ಊರು ಭಾಳ ಚೆಂದ ತೋರಸ್ತಾರ. ಆದ್ರ ಅಂವ ಗೋಪುರದ ತುದಿಯಿಂದ ಹುಲ್ಲಿನ ಬಣವಿಗೆ ಜಿಗೀತಾನ, ಮೈ ಝಾಡಿಸಿಕೊಂಡು ಎದ್ದು ಹೋಗ್ತಾನ. ಹೆನ್ರಿ ಜಿಗದ್ರ ಕಾಲು ಮುರೀತದ. ಯಾವುದಕ್ಕ ಬೆಲೆ ಕೊಡಬೇಕಾಗ್ತದೋ ಅದು ನಮ್ಮದು ಅನಸ್ತದ, ಮಂದಿ ಮತ್ತ ಮತ್ತ ಹೋಗೂದು ಅದಕ್ಕ ಅಂತ ನನ್ನ ತಿಳವಳಿಕಿ.

ಪೂರಾ ಖರೇ ಅಂತಲ್ಲ ಮತ್ತ. ಹೆನ್ರಿಗೆ ಆಟದಾಗ ಭಾಳ ದೈವ ಜೋರದ, ಅವನ ಜಾಗಾದಾಗ ಖರೇ ಹುಡುಗ ಇದ್ದಿದ್ರ ಮೊದಲನೇ ದಿನಾನ ಸತ್ತಿರ್ತಿದ್ದ. ನಮ್ಮ ಧಾರಾವಾಹಿ ಹಂಗ ಒಂದು ಹುಟ್ಟಿನ ಗುಟ್ಟೂ ಇಟ್ಟಾರ, ಅದನ್ನ ಹೇಳಂಗಿಲ್ಲ.

ಆದ್ರ ಒಂದು ಭಾಗ ನಾನೂ ಮಗನೂ ಸುಮ್ಮನ ಕೂತು ನೋಡಿದ್ವಿ. ಅದು ಆಟದ ಸುರೂಕ್ಕ ಬರ್ತದ. ಅಂವ ಒಮ್ಮೆ ಆಡಿ ಮುಗಿಸಿದ್ದ, ನನಗ ತೋರಸ್ಲಿಕ್ಕೆ ಅಂತ ಮತ್ತ ಮೊದಲಿನಿಂದ ಹಚ್ಚಿದ್ದ. ಹೆನ್ರಿ ಜೀವ ಉಳಿಸಿಕೊಂಡು ಬಾಜೂಕಿನ ಕಿಲ್ಲೇಕ್ಕ ಓಡಿ ಬಂದಿರ್ತಾನ. ಅವ್ವ ಅಪ್ಪನ ಹೆಣ ಊರಾಗ ಹಂಗ ಬಿದ್ದಿರ್ತಾವ. ನಾ ಹೋಗಿ ಮಣ್ಣು ಮಾಡಿ ಬರ್ತೀನಿ ಅಂತಾನ. ಕಿಲ್ಲೇದ ಯಜಮಾನ, ಹೊರಗ ಹೋಗಬ್ಯಾಡ, ಸಾಯ್ತಿ ಅಂತ ತಡೀತಾನ. ಅವನ ಹೆಂಡ್ತಿ ಸಮಾಧಾನ ಹೇಳ್ತಾಳ. ಹೆನ್ರಿ ಕೇಳಂಗಿಲ್ಲ, ಕದ್ದು ಹೋಗ್ತಾನ, ಸುಟ್ಟ ಊರಾಗ ಸಲಿಕಿ ಹುಡುಕಿ ತಗ್ಗು ತೋಡ್ತಾನ.

ನಿಮ್ಮಲ್ಲಿ ಭಾಳ ಮಂದಿಗೆ ಗೊತ್ತದ, ನಮ್ಮವರು 2021ರ ಮೇ ತಿಂಗಳಾಗ ಹೋದ್ರು. ದವಾಖಾನಿಯಿಂದ ನೇರ ಸ್ಮಶಾನಕ್ಕ ಒಯ್ದ್ರು, ಮನಿಗೆ ಕೊಡಲಿಲ್ಲ. ಮಗ ಪುಣೆದಾಗ ಸಿಗಬಿದ್ದಿದ್ದ. ಬರ್ತೀನಿ ಅಂತ ಫೋನಿನ್ಯಾಗ ಅಳ್ತಿದ್ದ, ಬರಬ್ಯಾಡ, ದಾರ್ಯಾಗ ನಿನಗೇನರ ಆದ್ರ ಅಂತ ತಡದಾಕಿ ನಾನ. ನಾಲ್ಕು ವರ್ಷ ನಾವಿಬ್ಬರೂ ಆ ಮಾತು ತಗದಿರಲಿಲ್ಲ.

ಹೆನ್ರಿ ತಗ್ಗು ತೋಡೂವಾಗ ಮಗ ಪರದೆ ಮ್ಯಾಲಿನ ಕಣ್ಣು ತಗೀಲಿಲ್ಲ. "ಹೋಗಬ್ಯಾಡ ಅಂತ ಎಲ್ಲಾರೂ ಹೇಳಿದ್ರವ್ವಾ, ಇಂವ ಹೋದ" ಅಂದ. ನಾ ಅಂದೆ, "ನಾ ತಡೀದಿದ್ರ ನೀನೂ ಹೋಗ್ತಿದ್ದಿ." "ಹೂಂ" ಅಂದ. ಸ್ವಲ್ಪ ತಡದು, "ನಿಂದು ತಪ್ಪಿಲ್ಲ" ಅಂದ. ಅಷ್ಟ. ನಾ ಪಲ್ಲೆ ಬುಟ್ಟಿ ಒಳಗ ಇಟ್ಟು ಬಂದು ಮತ್ತ ಕೂತೆ.

ಅಲ್ಲೆ ಹೆನ್ರಿ ಮ್ಯಾಲೆ ದರೋಡೆಖೋರರು ಬೀಳ್ತಾರ, ಬಡದು ಕೆಡವ್ತಾರ. ಅವನ್ನ ಉಳಿಸಿದಾಕಿ ತೆರೇಸಾ, ಅದ ಊರಿನ ಹಿಟ್ಟಿನ ಗಿರಣಿಯವರ ಮಗಳು. ತನ್ನ ಮನಿಮಂದಿ ಎಲ್ಲಾರನ್ನೂ ಕಳಕೊಂಡಾಕಿ. ಅವನ್ನ ತನ್ನ ಕಾಕಾನ ಗಿರಣಿಗೆ ಒಯ್ದು ಆರೈಕಿ ಮಾಡಿ ಎಬ್ಬಸ್ತಾಳ. ಹೆನ್ರಿ ಎದ್ದು ಕತ್ತಿ ಹಿಡದು ಹೋಗ್ತಾನ, ಅಕಿ ಗಿರಣ್ಯಾಗ ಕೆಲಸ ಮಾಡ್ಕೋತ ಉಳೀತಾಳ. 2018ರ ಆಟದಾಗ ಅಕಿ ಕಥಿ ಸ್ವಲ್ಪನ ಇತ್ತು.

15 ತಿಂಗಳಾದ ಮ್ಯಾಲೆ, 2019ರ ಮೇದಾಗ 'ಎ ವುಮನ್ಸ್ ಲಾಟ್' ಅಂತ ಬ್ಯಾರೆ ತುಣುಕು ತಂದ್ರು. ಹೆಣ್ಣಿನ ಪಾಲಿಗೆ ಬಂದದ್ದು ಅಂತ ಅರ್ಥ. ಅದರಾಗ ನೀವು ತೆರೇಸಾ ಆಗಿ ಅದ ದಿನ ಆಡಬೇಕು. ಮುಂಜಾನೆ ಎದ್ದು ಮನಿ ಕೆಲಸ, ಪ್ಯಾಟಿ ಕೆಲಸ, ಅಣ್ಣತಮ್ಮಂದಿರ ಕೆಲಸ, ಜೋಡಿಗೆ ಒಂದು ನಾಯಿ. ಆಮ್ಯಾಲೆ ಅದ ಸೈನ್ಯ, ಅದ ಬೆಂಕಿ. ಊರಿನ ಮಂದಿನ್ನ ಉಳಸ್ಕೋತ, ಮುಚ್ಚಿಕೋತ, ಕತ್ತಲಾಗ ಹೋಗಬೇಕು. ಹೆನ್ರಿ ಕಣ್ಣಿಲೆ ನೋಡಿದಾಗ ಅವಂಗ ಗೊತ್ತ ಆಗದ ಎಷ್ಟೋ ಸಂಗತಿ ಅಲ್ಲೆ ತಿಳೀತಾವ. ನಾ ಮಗಗ ಅಂದೆ, "ನೋಡು, ಇದರಾಗೂ ಹೆಂಗಸೂರ ಪಾಳಿ ಗಂಡಸೂರ ಪಂಕ್ತಿ ಎದ್ದ ಮ್ಯಾಲೇನ ಬಂತು." ಅಂವ ನಕ್ಕ. ಆದ್ರ ಬಂತಲ್ಲ, ಅದಕ್ಕ ನನಗ ಸಮಾಧಾನ.

ಅದರ ಮರುದಿನ ಮಗ ತಾನಾಗೇ ಅತ್ತಿಯವರ ಹತ್ರ ಹೋಗಿ ಕೂತ. "ಅಜ್ಜಿ, ನೀ ಮದವಿ ಆಗಿ ಬಂದಾಗ ಒಂದು ದಿನ ಹ್ಯಾಂಗಿರ್ತಿತ್ತು, ಮುಂಜಾನೆಯಿಂದ ಹೇಳು" ಅಂದ. ಅವರಿಗೆ ಎಂಬತ್ತನಾಲ್ಕು. "ಅದೇನು ಹೇಳೂದು, ಎಲ್ಲಾರ ಮನ್ಯಾಗೂ ಹಂಗ ಇತ್ತು" ಅಂದ್ರು. ಆಮ್ಯಾಲೆ ಹೇಳ್ಕೋತ ಹೋದ್ರು. ನಸುಕಿನ್ಯಾಗ ಎದ್ದು ಬೀಸೂಕಲ್ಲಿನ ಮುಂದ ಕೂಡೂದು, ಬಾವಿಯಿಂದ ಎಷ್ಟು ಕೊಡ ನೀರು ತರೂದು, ಹಸಿ ಕಟ್ಟಿಗಿ ಒಲಿ ಹೊತ್ತದ ಹೋದ್ರ ಏನು ಮಾಡೂದು, ಮೊದಲನೇ ಕೂಸು ಹೋದಾಗ ಎಷ್ಟನೇ ದಿನಕ್ಕ ಮತ್ತ ಬೀಸಲಿಕ್ಕೆ ಕೂತರು. ಆ ಕೂಸಿನ ಮಾತು ಮೂವತ್ತು ವರ್ಷದಾಗ ನಾ ಒಮ್ಮೆನೂ ಕೇಳಿರಲಿಲ್ಲ. ನಾನೂ ಯಾವತ್ತೂ ಕೇಳಲಿಲ್ಲ, ಖರೆ ಹೇಳಬೇಕಂದ್ರ.

ಮಗ ಹಳೇ ನೋಟಬುಕ್ಕಿನ್ಯಾಗ ಎಲ್ಲಾ ಬರಕೊಂಡ. ನಾಲ್ಕು ಪುಟ ಆದವು. ಅತ್ತಿಯವರು ಆ ಪುಟ ಕೈಯಾಗ ಹಿಡದು, ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ನನ್ನ ಹೆಸರು ಎಲ್ಲದ?" ಅಂತ ಕೇಳಿದ್ರು. ಅಂವ ಬೆರಳು ಇಟ್ಟು ತೋರಿಸಿದ.

ವೈನಿ, ನೀವು ಇತಿಹಾಸ ಬರಿ ಅಂದ್ರಿ, ಬರದೀನಿ. ನಿಮ್ಮ ಮನ್ಯಾಗ ಹುಡುಗ್ರು ಗೇಮ್ ಆಡ್ತಿದ್ರ ಬೈಯೂಕಿಂತ ಮೊದ್ಲ ಒಂದು ಸಲ ಬಾಜೂಕ ಕೂತು ನೋಡ್ರಿ. ಮತ್ತ ಮನ್ಯಾಗ ಹಿರೇರು ಯಾರರ ಇದ್ರ ಒಂದು ದಿನದ ಕಥಿ ಕೇಳಿ ಬರದಿಟ್ಕೋರಿ. ಮುಂದಿನ ಸಲ ಅತ್ತಿಯವರು ಹೇಳಿದ ಹಳೇ ಪದ್ಧತಿಯ ಜ್ವಾಳದ ನುಚ್ಚಿನ ಬಗ್ಗೆ ಬರೀತೀನಿ.